ಹಿಂದಿನಿಂದ ಯಾರೂ ಕರೆಯಲಿಲ್ಲ

ದೇವರಾಜ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿದವರಿಗೆಲ್ಲ ಈ ಆಟ ಗೊತ್ತು. ರಸಬಾಳೆಗೆ ಅಂಗಡಿಯವನು ಒಂದು ರೇಟು ಹೇಳುತ್ತಾನೆ. ನಾವು ಅದರ ಅರ್ಧಕ್ಕೆ ಕೇಳುತ್ತೇವೆ. ಅವನು ಮುಖ ತಿರುಗಿಸುತ್ತಾನೆ. "ಬೇಡ ಬಿಡಪ್ಪ" ಎಂದು ನಾವು ಹೊರಡುತ್ತೇವೆ. ನಿಜವಾಗಿ ಹೊರಟಿರುವುದಿಲ್ಲ. ಕಾಲು ಮುಂದಕ್ಕೆ, ಕಿವಿ ಹಿಂದಕ್ಕೆ. ನಾಲ್ಕನೇ ಹೆಜ್ಜೆಗೆ "ಬನ್ನಿ ಸಾರ್, ತಗೊಂಡ್ ಹೋಗಿ" ಎಂಬ ಕೂಗು ಬರಲೇಬೇಕು. ಬರದಿದ್ದರೆ ಕಷ್ಟ. ವಾಪಸ್ ಹೋಗಲು ಮುಖವಿಲ್ಲ, ಕೈಯಲ್ಲಿ ಬಾಳೆಹಣ್ಣೂ ಇಲ್ಲ.

19 ವರ್ಷ ಈ ಆಟವನ್ನು ನಾನು ಚರ್ಚಿನಲ್ಲಿ ಆಡಿದೆ. ಅದಕ್ಕೆ ವಿನಯ ಎಂದು ಹೆಸರಿಟ್ಟುಕೊಂಡಿದ್ದೆ.

ನಾನು ಮೈಸೂರಿನವನು. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿ ರಿಟೈರ್ ಆಗಿದ್ದೇನೆ. ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿನ, ಕನ್ನಡ ಪೂಜೆಗೆ ಹಾಡುವ ತಂಡವಾದ ಕ್ವಾಯರ್ ನಡೆಸುತ್ತಿದ್ದೆ. ಕೀಬೋರ್ಡ್ ನಾನೇ, ಮುಖ್ಯ ಗಾಯಕ ನಾನೇ, ಯಾವ ಹಾಡು ಎಂದು ಆರಿಸುವವನೂ ನಾನೇ. ಪ್ರತಿ ಜನವರಿಯಲ್ಲಿ ವಾರ್ಷಿಕ ಸಭೆ. ಕ್ವಾಯರ್ ವಿಷಯ ಬಂದಾಗ ನಾನು ಎದ್ದು ನಿಂತು ಕೈಮುಗಿದು ಒಂದೇ ಮಾತು ಹೇಳುತ್ತಿದ್ದೆ. "ನಾನೇನು ದೊಡ್ಡ ಹಾಡುಗಾರನಲ್ಲ. ಈ ಸೇವೆಗೆ ಯೋಗ್ಯನೂ ಅಲ್ಲ. ಯಾರಾದರೂ ಚಿಕ್ಕವರಿಗೆ ಕೊಡಿ." ಕೂಡಲೇ ಸಭೆಯಲ್ಲಿ ಗದ್ದಲ. "ಛೆ ಛೆ, ಏನ್ ಮೇಷ್ಟ್ರೇ, ನೀವಿಲ್ದೆ ಪೂಜೆ ಪೂಜೆ ಥರ ಇರುತ್ತಾ?" ನಾನು ತಲೆತಗ್ಗಿಸಿ, "ಸರಿ, ನಿಮ್ಮಿಷ್ಟ, ದೇವರ ಚಿತ್ತ" ಎಂದು ಕೂರುತ್ತಿದ್ದೆ. ಆ ಗದ್ದಲದಲ್ಲಿ ಯಾರ್ಯಾರ ದನಿ ಜೋರಾಗಿತ್ತು, ಯಾರು ಸುಮ್ಮನಿದ್ದರು ಎಂಬುದು ಮಾತ್ರ ನನಗೆ ಮುಂದಿನ ಜನವರಿವರೆಗೂ ನೆನಪಿರುತ್ತಿತ್ತು.

ಈ ಸಲ ಫಾದರ್ ಹೊಸಬರು. ಮೂವತ್ತೈದು ದಾಟಿರಲಿಕ್ಕಿಲ್ಲ. ನಾನು ಎದ್ದೆ, ಕೈಮುಗಿದೆ, ಹೇಳಿದೆ. ಯಾರೋ ಒಬ್ಬರು "ಛೆ" ಎನ್ನಲು ಬಾಯಿ ತೆರೆದದ್ದು ಕಾಣಿಸಿತು. ಅಷ್ಟರಲ್ಲಿ ಫಾದರ್ ನಕ್ಕು, "ತುಂಬಾ ದೊಡ್ಡ ಮನಸ್ಸು ಮೇಷ್ಟ್ರೇ. ಇಷ್ಟು ವರ್ಷ ಮಾಡಿದ್ದೀರಿ, ದೇವರು ನಿಮ್ಮನ್ನು ಆಶೀರ್ವದಿಸಲಿ" ಎಂದರು. ಚಪ್ಪಾಳೆ ಬಿತ್ತು. ಅಲ್ಲೇ ಕ್ವಾಯರಿನ 26 ವರ್ಷದ ಹುಡುಗಿಯೊಬ್ಬಳ ಹೆಸರು ಹೇಳಿ ಅವಳಿಗೆ ಜವಾಬ್ದಾರಿ ಕೊಟ್ಟರು. ಒಟ್ಟು ಎರಡು ನಿಮಿಷ. ಆಮೇಲೆ ಹೂಕುಂಡಗಳ ಖರ್ಚಿನ ಮೇಲೆ ಇಪ್ಪತ್ತು ನಿಮಿಷ ಚರ್ಚೆ ನಡೆಯಿತು.

ಮನೆಗೆ ಬಂದು ಶರ್ಟು ಬಿಚ್ಚುವ ಮೊದಲೇ ಶುರು ಮಾಡಿದೆ. ಕೃತಜ್ಞತೆ ಇಲ್ಲ, ಹಿರಿಯರಿಗೆ ಮರ್ಯಾದೆ ಇಲ್ಲ, ಆ ಹುಡುಗಿಗೆ ತಾಳ ನಿಲ್ಲುವುದಿಲ್ಲ. ನನ್ನ ಹೆಂಡತಿ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ಎಲ್ಲ ಕೇಳಿಸಿಕೊಂಡು, "ರೀ, ನೀವೇ ತಾನೇ ಕೊಟ್ಬಿಡಿ ಅಂದಿದ್ದು?" ಎಂದಳು.

"ಅದು ಮಾತಿಗೆ ಅಂದಿದ್ದು!"

"ಅವ್ರಿಗೇನ್ ಗೊತ್ತು, ಮಾತಿಗೆ ಅಂದಿದ್ದು ಯಾವ್ದು, ನಿಜಕ್ಕೆ ಅಂದಿದ್ದು ಯಾವ್ದು ಅಂತ?"

ಅವರೆಕಾಳಿನ ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತಿತ್ತು. ಅದನ್ನೇ ನೋಡುತ್ತಾ ಕೂತೆ.

ಮುಂದಿನ ಭಾನುವಾರದಿಂದ ಕೊನೆಯ ಬೆಂಚಿನಲ್ಲಿ ಕೂರಲು ಶುರು ಮಾಡಿದೆ. ಇದೂ ಆಟದ ಭಾಗವೇ. ಔತಣಕ್ಕೆ ಹೋದರೆ ಕಡೆಯ ಜಾಗದಲ್ಲಿ ಕೂತುಕೋ, ಕರೆದವನು ಬಂದು ನಿನ್ನನ್ನು ಮೇಲಕ್ಕೆ ಕರೆಯುತ್ತಾನೆ ಎಂದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾರಲ್ಲ. ನಾನು ಮೊದಲರ್ಧ ಮಾಡಿ ಎರಡನೆಯ ಅರ್ಧಕ್ಕೆ ಕಾದೆ. ಮೂರು ವಾರ ಕಳೆಯಿತು. ಪೂಜೆ ಮುಗಿದ ಮೇಲೆ ಫಾದರ್ ಬಾಗಿಲಲ್ಲಿ ಎಲ್ಲರಿಗೂ ಕೈಕುಲುಕುವಂತೆ ನನಗೂ ಕುಲುಕಿದರು. "ಆರೋಗ್ಯ ಹೇಗಿದೆ ಮೇಷ್ಟ್ರೇ?" ಅಷ್ಟೇ.

ಆ ಮೂರು ವಾರ ಹುಡುಗಿಯ ತಪ್ಪುಗಳನ್ನು ಎಣಿಸುವುದೇ ನನ್ನ ಪ್ರಾರ್ಥನೆಯಾಗಿತ್ತು. ಕಾಣಿಕೆ ಹಾಡು ಬೇಗ ಮುಗಿಯಿತು, ಫಾದರ್ ಸುಮ್ಮನೆ ನಿಂತಿರಬೇಕಾಯಿತು. ಒಂದು. ಎರಡನೇ ಚರಣ ಬಿಟ್ಟುಹೋಯಿತು. ಎರಡು. ಹೀಗೆ. ಪರಮಪ್ರಸಾದಕ್ಕೆ ಮೊದಲು "ಪ್ರಭುವೇ, ನಾನು ಯೋಗ್ಯನಲ್ಲ" ಎಂದು ಎಲ್ಲರ ಜೊತೆ ಬಾಯಲ್ಲಿ ಹೇಳುತ್ತಿದ್ದೆ, ಮನಸ್ಸಿನಲ್ಲಿ 'ಇವಳಂತೂ ಯೋಗ್ಯಳಲ್ಲ' ಎಂದುಕೊಳ್ಳುತ್ತಿದ್ದೆ.

ಈಸ್ಟರ್‌ಗೆ ಮೊದಲಿನ ನಲವತ್ತು ದಿನದ ತಪಸ್ಸುಕಾಲ ಹತ್ತಿರ ಬಂತು. ಪಾಪನಿವೇದನೆ ಮಾಡಬೇಕು. ನಮ್ಮ ಫಾದರ್ ಹತ್ತಿರ ಹೋಗಿ ನಿಮ್ಮ ಮೇಲೇ ಕೋಪ ಬಂದಿದೆ ಎನ್ನುವುದು ಹೇಗೆ? ಅದಕ್ಕೇ ಅಶೋಕ ರಸ್ತೆ ಹಿಡಿದು ಸಂತ ಫಿಲೋಮಿನಾ ಚರ್ಚಿಗೆ ಹೋದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಚರ್ಚು ಅದು. ಜೋಡಿ ಗೋಪುರ 175 ಅಡಿ ಎತ್ತರ. ಟೂರಿಸ್ಟುಗಳು ಕತ್ತೆತ್ತಿ ಫೋಟೋ ತೆಗೆಯುತ್ತಿರುತ್ತಾರೆ. ಸಂತಳ ಪ್ರತಿಮೆ ನೋಡಬೇಕಾದರೆ ಮಾತ್ರ ನೆಲಮಾಳಿಗೆಗೆ ಮೆಟ್ಟಿಲಿಳಿದು ಹೋಗಬೇಕು. ಅದರಲ್ಲೊಂದು ಪ್ರಸಂಗ, ಅಂದರೆ ಚರ್ಚಿನ ಬೋಧನೆ, ಹೊಸೆಯಬಹುದು ಎಂದು ನನಗೆ ಆಗಲೇ ಹೊಳೆಯಿತು. ಪ್ರಸಂಗ ಹೊಸೆಯುವುದರಲ್ಲಿ ನಾನು ಯಾವತ್ತೂ ಚುರುಕು.

ಅಲ್ಲಿ ವಯಸ್ಸಾದ ಒಬ್ಬ ಸ್ವಾಮಿಗಳು ಸಿಕ್ಕರು. ಪಾಪನಿವೇದನೆಯ ಗುಟ್ಟು ಕಾಯಬೇಕಾದವರು ಅವರು, ನಾನಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೋಪ, ಹೊಟ್ಟೆಕಿಚ್ಚು ಎಂದು ಶುರು ಮಾಡಿ, ಕೊನೆಗೆ "ನಾನು ಮಹಾಪಾಪಿ ಸ್ವಾಮಿ, ನನ್ನಂಥ ಕೀಳು ಮನುಷ್ಯ ಇನ್ನೊಬ್ಬನಿಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇರಬಹುದಪ್ಪ" ಎಂದರು.

ನನಗೆ ಚುರ್ ಎಂದಿತು. "ಹಾಗೆಲ್ಲ ಅನ್ಕೋಬೇಡಿ" ಎನ್ನುತ್ತಾರೆ ಎಂದು ಕಾದಿದ್ದೆ. ಅವರಿಗೆ ಅದು ಗೊತ್ತಾಗಿರಬೇಕು. "ನೋಡು, ಈಗ ಬೇಜಾರಾಯ್ತಲ್ವಾ? ಜಿನೀವಾದ ಬಿಷಪ್ ಆಗಿದ್ದ ಸಂತ ಫ್ರಾನ್ಸಿಸ್ ಸಾಲೆಸ್ 400 ವರ್ಷದ ಹಿಂದೆಯೇ ಹೇಳಿದ್ದಾರೆ. ನಾವು ಏನೂ ಅಲ್ಲ ಅಂತ ನಾವೇ ಸಾರಿಕೊಂಡು ತಿರುಗ್ತೀವಿ. ಯಾರಾದರೂ ಹೌದು ಅಂತ ಒಪ್ಪಿಬಿಟ್ಟರೆ ಮಾತ್ರ ಸಂಕಟ ಪಡ್ತೀವಿ" ಎಂದರು.

ಆಮೇಲೆ ಅವರು ಬೈಬಲಿನ ಮೋಶೆಯ ಕಥೆ ತೆಗೆದರು. ಉರಿಯುವ ಪೊದೆಯಿಂದ ದೇವರು ಕರೆದಾಗ ಮೋಶೆ ಒಂದಾದ ಮೇಲೊಂದು ನೆಪ ಹೇಳುತ್ತಾನೆ. ನಾನೆಷ್ಟರವನು, ನನಗೆ ಮಾತು ಬರುವುದಿಲ್ಲ, ಬೇರೆ ಯಾರನ್ನಾದರೂ ಕಳಿಸು. ವಿಮೋಚನಾಕಾಂಡದ 3 ಮತ್ತು 4ನೇ ಅಧ್ಯಾಯ. ದೇವರು ಅಲ್ಲಿ ಛೆ ಛೆ ಎಂದು ಸಮಾಧಾನ ಮಾಡಲಿಲ್ಲ, ಸಿಟ್ಟು ಮಾಡಿಕೊಂಡರು. ಮಾತಾಡುವ ಕೆಲಸವನ್ನು ಮೋಶೆಯ ಅಣ್ಣ ಆರೋನನಿಗೆ ಕೊಟ್ಟರು. "ನಿಂಗೂ ಒಬ್ಬ ಆರೋನ ಸಿಕ್ಕಿದ್ದಾಳೆ, ಅಷ್ಟೇ" ಎಂದು ಸ್ವಾಮಿಗಳು ನಕ್ಕರು. ಮುಂದೆ ಇದೇ ಮೋಶೆಯನ್ನು ಭೂಮಿಯ ಮೇಲಿದ್ದವರಲ್ಲೆಲ್ಲ ಅತಿ ದೀನ ಎಂದು ಸಂಖ್ಯಾಕಾಂಡ ಕರೆಯುತ್ತದೆ. ಆ ಹೊತ್ತಿಗೆ ಅವನು ಈಜಿಪ್ಟಿನ ರಾಜ ಫರೋಹನ ಮುಂದೆ ನಿಂತು ಬಂದಿದ್ದ. ದೀನ ಎನಿಸಿಕೊಂಡದ್ದು ಪೊದೆಯ ಮುಂದೆ ನೆಪ ಹೇಳಿದಾಗ ಅಲ್ಲ.

ಪ್ರಾಯಶ್ಚಿತ್ತವಾಗಿ ಜಪಸರ ಕೊಡುತ್ತಾರೆ ಎಂದುಕೊಂಡಿದ್ದೆ. ಅವರು ಕೊಟ್ಟದ್ದು ಬೇರೆ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್‌ವರೆಗೆ 'ನಾನೇನೂ ಅಲ್ಲ' ಎನ್ನಬಾರದು. ಆ ಜಾತಿಯ ಯಾವ ಮಾತೂ ಆಡಬಾರದು. ಯಾರಾದರೂ ಹೊಗಳಿದರೆ ಥ್ಯಾಂಕ್ಸ್ ಹೇಳಿ ಬಾಯಿ ಮುಚ್ಚಬೇಕು. ತಪ್ಪಿದಾಗಲೆಲ್ಲ ಬರೆದಿಡಬೇಕು. "ಮೇಷ್ಟ್ರಲ್ವಾ, ಲೆಕ್ಕ ಇಡೋದು ಕಷ್ಟ ಆಗಲ್ಲ" ಎಂದರು.

ಇದು ತುಂಬಾ ಸುಲಭ ಎನಿಸಿತು. ಉಪವಾಸ ಇದಕ್ಕಿಂತ ಕಷ್ಟ ಎಂದುಕೊಂಡು ಹೊರಬಂದೆ.

ಮೊದಲ ವಾರ 31 ಗೆರೆ ಬಿತ್ತು. ನಾಲ್ಕು ನಿಂತ ಗೆರೆ, ಅಡ್ಡಲಾಗಿ ಐದನೆಯದು, ಹಾಗೆ ಹಾಕುತ್ತಾ ಹೋದೆ. ನನ್ನ ಬಾಯಿಂದ ಇಷ್ಟೊಂದು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಮನೆಯವರು ಗಿಡಗಳು ಚೆನ್ನಾಗಿವೆ ಎಂದರೆ, "ಅಯ್ಯೋ, ಸುಮ್ನೆ ಏನೋ ನೆಟ್ಟಿದೀನಿ." ಎರಡು ಮಹಡಿ ಮನೆ ಕಟ್ಟಿಸಿ, "ಒಂದ್ಸಲ ನಮ್ಮ ಗುಡಿಸಲಿಗೂ ಬನ್ನಿ." ವಾಟ್ಸಾಪಿನಲ್ಲಿ ನಾನು ಹಾಡಿದ್ದನ್ನು ನಾನೇ ಹಾಕಿ, ಕೆಳಗೆ "ತಪ್ಪಿದ್ದರೆ ಕ್ಷಮಿಸಿ" ಎಂದು ಕೈಮುಗಿದ ಚಿತ್ರ. ಈ ಕೊನೆಯದನ್ನು ಒಂದು ಎಂದು ಲೆಕ್ಕ ಹಾಕಬೇಕೋ ಎರಡೋ ಎಂದು ಯೋಚಿಸಿ ಎರಡೇ ಹಾಕಿದೆ. ತಪ್ಪಿದ್ದರೆ ಹೇಳಿ ಎಂದಲ್ಲ, ಕ್ಷಮಿಸಿ ಎಂದೇ ನಾನು ಬರೆಯುವುದು. ಒಮ್ಮೆ ಒಬ್ಬರು ನಿಜವಾಗಿಯೂ ಶ್ರುತಿ ತಪ್ಪಿದೆ ಎಂದು ಬರೆದಿದ್ದರು. ಅವರಿಗೆ ಇವತ್ತಿನವರೆಗೂ ನಾನು ಉತ್ತರ ಕೊಟ್ಟಿಲ್ಲ.

ನಮ್ಮ ಕಡೆ ಇದು ಕ್ರೈಸ್ತರ ಕಾಯಿಲೆ ಮಾತ್ರ ಅಲ್ಲ ಬಿಡಿ. ಬಡಿಸಿದ್ದು ಸಾಕಾಗಿದ್ದರೂ ಇನ್ನೊಮ್ಮೆ ಹೇಳಿಸಿಕೊಳ್ಳುವುದು, ಇನ್ನೂ ಬೇಕಿದ್ದರೂ ಬೇಡ ಎನ್ನುವುದು, ಇದೆಲ್ಲ ಮರ್ಯಾದೆಯ ಲೆಕ್ಕದಲ್ಲಿ ಬರುತ್ತದೆ. ಅದರಲ್ಲಿ ಕೆಟ್ಟದ್ದೇನೂ ಇಲ್ಲ, ಎರಡೂ ಕಡೆಯವರಿಗೆ ಆಟ ಗೊತ್ತಿರುತ್ತದೆ. ಚರ್ಚಿನಲ್ಲಿ ಮಾತ್ರ ನಾವು ಅದಕ್ಕೆ ದೇವರ ಹೆಸರು ಸೇರಿಸಿಬಿಡುತ್ತೇವೆ. 'ಎಲ್ಲ ದೇವರ ಮಹಿಮೆಗೆ' ಎನ್ನುವಾಗ ನನ್ನ ಕಣ್ಣು ಎದುರಿನವರ ಮುಖದ ಮೇಲೆಯೇ ಇರುತ್ತಿತ್ತು. ಅತಿ ವಿನಯ ಧೂರ್ತ ಲಕ್ಷಣ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಬೈಬಲಿನಲ್ಲಿ ಸಂತ ಪೌಲನೂ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಹೊರಗೆ ಭಕ್ತಿಯಂತೆ ಕಾಣುವ ಈ ಥರದ ವಿನಯದ ಬಗ್ಗೆ ಎಚ್ಚರಿಸುತ್ತಾನೆ. ದೇಹ ದಂಡಿಸಿಕೊಂಡು ದೀನರಂತೆ ತೋರುತ್ತಾ ಒಳಗೆ ಉಬ್ಬಿಹೋಗುವವರು ಅವನ ಕಾಲದಲ್ಲೂ ಇದ್ದರು.

ಎರಡನೇ ವಾರ 12ಕ್ಕೆ ಇಳಿಯಿತು. ನನಗೆ ಎಷ್ಟು ಖುಷಿಯಾಯಿತು ಎಂದರೆ, ಹೆಂಡತಿಗೆ ಪುಸ್ತಕ ತೋರಿಸಿದೆ. ಅವಳು, "ಇದ್ನೂ ತೋರಿಸ್ಕೊಂಡ್ ಬರ್ತಿದೀರಲ್ಲ" ಎಂದಳು. 13 ಮಾಡಿದೆ.

ಮೂರನೇ ವಾರದಲ್ಲಿ ಬಂದದ್ದು ಗುರುವಂದನೆ. ನಾನು ಪಾಠ ಹೇಳಿದ ಒಂದು ಬ್ಯಾಚಿನ ಹುಡುಗರು, ಈಗ ಅವರಿಗೇ ನಲವತ್ತು ದಾಟಿದೆ, ಒಂದು ಚೌಲ್ಟ್ರಿಯಲ್ಲಿ ಸೇರಿ ನಮ್ಮನ್ನೆಲ್ಲ ಕರೆದಿದ್ದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಒಬ್ಬೊಬ್ಬರಾಗಿ ಬಂದು ನಿಮ್ಮಿಂದಲೇ ಎಂಜಿನಿಯರ್ ಆದೆ, ನಿಮ್ಮಿಂದಲೇ ಬ್ಯಾಂಕಿಗೆ ಸೇರಿದೆ ಎಂದರು. ಆಮೇಲೆ ಮೈಕು ನನ್ನ ಕೈಗೆ ಬಂತು. ಇಂಥ ಸಭೆಗಳಿಗೆ ನನ್ನ ಹತ್ತಿರ ಸಿದ್ಧ ಭಾಷಣವಿದೆ. ನನ್ನದೇನಿಲ್ಲ, ನಾನು ಬರೀ ಸೀಮೆಸುಣ್ಣ, ಬರೆದವನು ದೇವರು ಎಂದು ಹೋಗುತ್ತದೆ. ಜನಕ್ಕೆ ಕಣ್ಣಲ್ಲಿ ನೀರು ಬರುತ್ತದೆ.

ಅದನ್ನು ಹೇಳುವಂತಿರಲಿಲ್ಲ. ಥ್ಯಾಂಕ್ಸ್ ಎಂದೆ. ಎಲ್ಲರೂ ಮುಂದಿನ ಮಾತಿಗೆ ಕಾದರು. ಬೇರೇನೂ ಸಿದ್ಧವಿಲ್ಲದ್ದರಿಂದ ನಿಜವೇ ಬಂತು. "ಲೆಕ್ಕ ಚೆನ್ನಾಗಿ ಹೇಳಿಕೊಡ್ತಿದ್ದೆ, ಅದು ನಿಜ. ಅದಕ್ಕೆ ಕಷ್ಟಪಟ್ಟಿದ್ದೀನಿ" ಎಂದೆ. ನನ್ನ ಬಾಯಲ್ಲಿ ಆ ಮಾತು ಕೇಳಿ ನನಗೇ ಗಾಬರಿಯಾಯಿತು. ಆಮೇಲೆ ಅದರ ಹಿಂದೆಯೇ ಇನ್ನೊಂದು ಬಂತು. "ನಿಮ್ಮಲ್ಲಿ ಕೆಲವರಿಗೆ ಹೊಡೆದಿದ್ದೀನಿ. ಲೆಕ್ಕ ಬರದೇ ಇದ್ದದ್ದಕ್ಕೆ. ಬೋರ್ಡಿನ ಮುಂದೆ ನಿಲ್ಲಿಸಿ ನಗಿಸಿದ್ದೀನಿ. ಅದು ತಪ್ಪು."

ಸಭೆ ತಣ್ಣಗಾಯಿತು. ಯಾರೋ "ಅಯ್ಯೋ ಸಾರ್, ನಮ್ಮ ಒಳ್ಳೇದಕ್ಕೇ ಅಲ್ವಾ" ಎಂದರು. ಹಿಂದಿನ ಸಾಲಿನಲ್ಲಿ ಒಬ್ಬ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಅವನು ವೇದಿಕೆಗೆ ಬಂದಿರಲಿಲ್ಲ. ಊಟದ ಸಾಲಿನಲ್ಲಿ ನನ್ನ ಪಕ್ಕ ಬಂದು ನಿಂತ, ಏನೂ ಹೇಳಲಿಲ್ಲ, ನನ್ನ ಎಲೆಗೆ ಬರಬೇಕಿದ್ದ ಹೋಳಿಗೆಯನ್ನು ಬಡಿಸುವವನಿಗೆ ನೆನಪಿಸಿದ. ಅವನಿಗೆ ಎಷ್ಟು ಸಲ ಹೊಡೆದಿದ್ದೆ ಎಂಬುದರ ಲೆಕ್ಕ ನನ್ನ ಹತ್ತಿರ ಇಲ್ಲ. ಅವನ ಹತ್ತಿರ ಇರಬಹುದು.

ಆ ರಾತ್ರಿ ಒಂದು ವಿಷಯ ತಲೆಗೆ ಹೋಯಿತು. ಮಹಾಪಾಪಿ ಎನ್ನುವುದು ಎಷ್ಟು ಸುಖವಾದ ಮಾತು! ಅದರಲ್ಲಿ ಯಾವ ಪಾಪವೂ ಇಲ್ಲ. ಯಾರ ಮುಖವೂ ಇಲ್ಲ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನನ್ನು ಬೋರ್ಡಿನ ಮುಂದೆ ಅಳಿಸಿದೆ ಎನ್ನುವುದು ಹಾಗಲ್ಲ. ಏನೂ ಅಲ್ಲದವನಿಗೆ ಯಾವ ಒಳ್ಳೆಯದಕ್ಕೂ ಋಣವಿಲ್ಲ, ಯಾವ ಕೆಟ್ಟದ್ದಕ್ಕೂ ಹೊಣೆಯಿಲ್ಲ. ನಾನು ಇಷ್ಟು ವರ್ಷ ಅಡಗಿ ಕೂತಿದ್ದು ಆ ಜಾಗದಲ್ಲಿ.

ಪೂಜೆಯಲ್ಲಿ ನಾವು ಹೇಳುವ 'ಯೋಗ್ಯನಲ್ಲ' ಎಂಬ ಮಾತು ರೋಮನ್ ಶತಾಧಿಪತಿಯದು. ಮತ್ತಾಯನ ಶುಭಸಂದೇಶದ 8ನೇ ಅಧ್ಯಾಯ. ಅದನ್ನು ಮತ್ತೆ ಓದಿದೆ. ಅವನು ಯೋಗ್ಯನಲ್ಲ ಎಂದು ಹೇಳಿ ನಿಲ್ಲುವುದೇ ಇಲ್ಲ. ಅದೇ ಉಸಿರಿನಲ್ಲಿ, ಒಂದು ಮಾತು ಹೇಳಿ ಸಾಕು, ನನ್ನ ಸೇವಕ ಗುಣವಾಗುತ್ತಾನೆ ಎನ್ನುತ್ತಾನೆ. ಮನೆಯಲ್ಲಿ ಸೇವಕ ನರಳುತ್ತಿದ್ದಾನೆ. ಅವನ ಚಿಂತೆ ಪೂರ್ತಿ ಅದೇ. ತನ್ನ ಯೋಗ್ಯತೆಯ ವಿಷಯ ದಾರಿಯಲ್ಲಿ ಸಿಕ್ಕಿ ಹೋಗುವ ಮಾತು. ನನ್ನ ವಾಕ್ಯ ಅಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು, ಅದರಲ್ಲಿ ಸೇವಕನೇ ಇರಲಿಲ್ಲ.

ಇದಾದ ಮಂಗಳವಾರ ದೋರನಹಳ್ಳಿಗೆ ಹೋಗಿಬಂದೆ. ಕೆ.ಆರ್. ನಗರ ತಾಲ್ಲೂಕಿನ ಈ ಸಂತ ಅಂತೋಣಿಯವರ ಬೆಸಿಲಿಕಾಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ರೈತನೊಬ್ಬ ಹೊಲ ಉಳುವಾಗ ಸಂತರ ಮರದ ಪ್ರತಿಮೆ ನೇಗಿಲಿಗೆ ಸಿಕ್ಕಿತು ಎಂಬುದು ಅಲ್ಲಿಯ ಕಥೆ. ನನಗೆ ನೆನಪಾದದ್ದು ಅಂತೋಣಿಯವರ ಇನ್ನೊಂದು ಕಥೆ. ಅವರು ಲಿಸ್ಬನ್ನಿನಲ್ಲಿ ಹುಟ್ಟಿದವರು, ಬೈಬಲನ್ನು ಅರೆದು ಕುಡಿದವರು. ಇಟಲಿಗೆ ಬಂದ ಮೇಲೆ ಒಂದು ಸಣ್ಣ ಆಶ್ರಮದಲ್ಲಿ ಅಡುಗೆಮನೆ ಕೆಲಸ ಮಾಡಿಕೊಂಡಿದ್ದರು. ಓದಿದವರು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. 1222ರಲ್ಲಿ ಫೋರ್ಲಿ ಎಂಬ ಊರಿನಲ್ಲಿ ಗುರುದೀಕ್ಷೆಯ ಸಮಾರಂಭ. ಪ್ರಸಂಗ ಮಾಡಲು ಯಾರೂ ತಯಾರಿಲ್ಲ. ಹಿರಿಯರು ಅಂತೋಣಿಯವರನ್ನು ಕರೆದು, ಏನು ತೋಚುತ್ತದೋ ಅದನ್ನೇ ಮಾತಾಡು ಎಂದರು. ಅವರು ಮಾತಾಡಿದರು. ಕೇಳಿದವರು ದಂಗಾದರು. ಅಲ್ಲಿಂದ ಮುಂದೆ ಊರೂರು ತಿರುಗಿ ಬೋಧಿಸುವುದೇ ಅವರ ಕೆಲಸವಾಯಿತು. 1231ರಲ್ಲಿ ತೀರಿಕೊಂಡರು, ಮರುವರ್ಷವೇ ಸಂತರಾದರು.

ಈ ಕಥೆಯನ್ನು ಪಾತ್ರೆ ತೊಳೆದದ್ದಕ್ಕಾಗಿ ಹೇಳುವವರೇ ಜಾಸ್ತಿ. ನನಗೆ ಅವತ್ತು ದೊಡ್ಡದಾಗಿ ಕಂಡದ್ದು ಅವರು ಎದ್ದು ಮಾತಾಡಿದ್ದು. ಅಡುಗೆಮನೆಯಲ್ಲಿದ್ದಾಗ ನನ್ನನ್ನು ಇಲ್ಲಿ ಹಾಕಿದ್ದಾರೆ ಎಂದು ಕೊರಗಲಿಲ್ಲ, ಕರೆದಾಗ ನನ್ನಂಥವನಿಂದ ಏನಾಗುತ್ತದೆ ಎಂದು ಕೊಸರಲೂ ಇಲ್ಲ. ನಾನು ಎರಡನ್ನೂ ಮಾಡಿದ್ದೆ.

ಅದೇ ವಾರ ಕ್ವಾಯರಿನ ಹುಡುಗಿ ಮನೆಗೆ ಬಂದಳು. ತಪಸ್ಸುಕಾಲದ ಶುಕ್ರವಾರಗಳಲ್ಲಿ ಯೇಸುವಿನ ಯಾತನೆಯನ್ನು ನೆನೆಯುವ ಶಿಲುಬೆ ಹಾದಿಯ 14 ಸ್ಥಳಗಳ ನಡುವೆ ಹಾಡುವ ಹಳೆಯ ರಾಗ ಒಂದಿದೆ. ನನ್ನ ಗುರುಗಳು ನನಗೆ ಬಾಯಲ್ಲಿ ಕಲಿಸಿದ್ದು. ಎಲ್ಲೂ ಬರೆದಿಟ್ಟಿಲ್ಲ. "ಅಂಕಲ್, ಆ ರಾಗ ನಿಮಗೆ ಮಾತ್ರ ಗೊತ್ತಂತೆ. ಕಲಿಸ್ತೀರಾ?" ಎಂದಳು.

"ಅಯ್ಯೋ, ನನಗೇನಮ್ಮ..." ಎಂದು ಬಾಯಿ ತೆರೆದೆ. ಮುಂದಿನದು ನುಂಗಿಕೊಂಡೆ. ಈ ಸಲದ 'ನನಗೇನು ಗೊತ್ತು' ಬೇರೆ ಥರದ್ದಾಗಿತ್ತು. ಅದು ಹೊಗಳಿಕೆ ಬೇಡುತ್ತಿರಲಿಲ್ಲ, ಸೇಡು ತೀರಿಸಿಕೊಳ್ಳುತ್ತಿತ್ತು. ನನಗೆ ಗೊತ್ತಿಲ್ಲ ಎಂದರೆ ಅವಳು ಶುಕ್ರವಾರ ಒದ್ದಾಡುತ್ತಾಳೆ, ಜನ ನನ್ನನ್ನು ನೆನೆಸಿಕೊಳ್ಳುತ್ತಾರೆ. ವಿನಯ ಎಷ್ಟು ಚೆನ್ನಾದ ಚೂರಿ ಎಂದು ಅವತ್ತು ಗೊತ್ತಾಯಿತು.

"ಗೊತ್ತು. ಬಾ, ಕೂತ್ಕೋ" ಎಂದೆ.

ನಾಲ್ಕು ಸಂಜೆ ಬಂದಳು. ಚುರುಕಾದ ಹುಡುಗಿ. ತಾಳ ನಿಲ್ಲುವುದಿಲ್ಲ ಎಂದು ನಾನು ಹೇಳಿದ್ದು ಅರ್ಧ ನಿಜ, ಅವಳಿಗೆ ಅವಸರ ಜಾಸ್ತಿ. ಕೊನೆಯ ದಿನ ರಾಗ ಕೈಗೆ ಬಂದ ಮೇಲೆ, ಸಂಕೋಚದಿಂದ, "ಅಂಕಲ್, ಇದನ್ನ ಸ್ವಲ್ಪ ಕೆಳಗಿನ ಸ್ಕೇಲಲ್ಲಿ ಹಾಡ್ತೀನಿ, ಪರವಾಗಿಲ್ವಾ? ಎಲ್ಲ ಹಾಡೂ ಹಾಗೇ ಇಳಿಸಿದೀನಿ" ಎಂದಳು.

"ಯಾಕೆ?"

"ಜನಕ್ಕೆ ಹಾಡಕ್ಕೆ ಆಗ್ತಿರಲಿಲ್ಲ."

ಇದನ್ನು ಕೇಳಿ ಒಂದು ಕ್ಷಣ ಮೈ ಉರಿಯಿತು. ಆಮೇಲೆ ಕೊನೆಯ ಬೆಂಚು ನೆನಪಾಯಿತು. ಅಲ್ಲಿ ಕೂತ ಮೊದಲ ವಾರದಿಂದಲೂ ನನಗೆ ಏನೋ ಹೊಸದು ಕೇಳಿಸುತ್ತಿತ್ತು, ಹುಡುಗಿಯ ತಪ್ಪು ಎಣಿಸುವ ಗಲಾಟೆಯಲ್ಲಿ ಗಮನ ಕೊಟ್ಟಿರಲಿಲ್ಲ. ನನ್ನ ಸುತ್ತ ಜನ ಹಾಡುತ್ತಿದ್ದರು. ಪಕ್ಕದ ಬೆಂಚಿನ ಹೂ ಮಾರುವ ಅಜ್ಜಿ ಹಾಡುತ್ತಿದ್ದಳು. ಆಟೋ ಓಡಿಸುವ ಹುಡುಗ ಹಾಡುತ್ತಿದ್ದ. ನನ್ನ ಧ್ವನಿ ಮೇಲಿನ ಸ್ಥಾಯಿಯಲ್ಲಿ ಚೆನ್ನಾಗಿ ಕೂರುತ್ತದೆ. 19 ವರ್ಷ ಎಲ್ಲ ಹಾಡನ್ನೂ ನನ್ನ ಧ್ವನಿಗೆ ಹೊಂದುವ ಸ್ಕೇಲಿಗೇ ಏರಿಸಿ ಕೂರಿಸಿದ್ದೆ. ಜನ ಬಾಯಿ ಮುಚ್ಚಿ ನನ್ನ ಹಾಡು ಕೇಳುತ್ತಿದ್ದರು. ಅವರು ಮೈಮರೆತಿದ್ದಾರೆ ಎಂದು ನಾನು ತಿಳಿದಿದ್ದೆ. 'ನಾನೇನು ದೊಡ್ಡ ಹಾಡುಗಾರನಲ್ಲ' ಎನ್ನುತ್ತಲೇ ಇಡೀ ಚರ್ಚನ್ನು ಸುಮ್ಮನಾಗಿಸಿದ್ದೆ.

ಒಬ್ಬರಾದರೂ ಇದನ್ನು ನನಗೆ ಹೇಳಬಹುದಿತ್ತು. ಹೇಳಿದ್ದರೆ ನಾನು ಕ್ಷಮಿಸಿ ಎಂದು ಕೈಮುಗಿಯುತ್ತಿದ್ದೆ, ಸ್ಕೇಲು ಮಾತ್ರ ಇಳಿಸುತ್ತಿರಲಿಲ್ಲ.

ಈಸ್ಟರ್‌ಗೆ ಒಂದು ವಾರ ಮೊದಲು, ಗರಿಗಳ ಭಾನುವಾರ, ಫಾದರ್ ಹತ್ತಿರ ಬಂದು, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಕಾಲು ತೊಳೆಸಿಕೊಳ್ಳುವ 12 ಜನರಲ್ಲಿ ನೀವೂ ಒಬ್ಬರು ಎಂದರು. ನನ್ನ ಬಾಯಿ ತಾನಾಗಿಯೇ ತೆರೆಯಿತು. "ಬೇಡ ಫಾದರ್, ನೀವು ನನ್ನ ಕಾಲು..." ಎನ್ನುವಷ್ಟರಲ್ಲಿ ಯೇಸುವಿನ ಶಿಷ್ಯ ಪೇತ್ರ ನೆನಪಾದ. ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಅವನು ಹೇಳುವುದೂ ಇದನ್ನೇ, ನೀವು ನನ್ನ ಕಾಲನ್ನು ಎಂದಿಗೂ ತೊಳೆಯಕೂಡದು. ಕೇಳಲು ಎಷ್ಟು ಭಕ್ತಿಯ ಮಾತು! ಯೇಸುವಿಗೆ ಅದು ಹಿಡಿಸಲಿಲ್ಲ. ತೊಳೆಯದಿದ್ದರೆ ನಿನಗೂ ನನಗೂ ಸಂಬಂಧವಿಲ್ಲ ಎಂದುಬಿಟ್ಟರು. ಅವತ್ತು ತಮ್ಮನ್ನು ಹಿಡಿದುಕೊಡಲಿದ್ದ ಯೂದನ ಕಾಲನ್ನೂ ತೊಳೆದರು. ಅವನು ಬೇಡ ಎಂದ ಸುದ್ದಿ ಎಲ್ಲೂ ಇಲ್ಲ.

"ಆಗಲಿ ಫಾದರ್" ಎಂದೆ.

ಗುರುವಾರ ಮಧ್ಯಾಹ್ನ ಬಚ್ಚಲಲ್ಲಿ ಕೂತು ಅರ್ಧ ಗಂಟೆ ಕಾಲು ತಿಕ್ಕಿದೆ. ಹಿಮ್ಮಡಿ ಒಡೆದು ಕಾವೇರಿ ಬತ್ತಿದ ಗದ್ದೆಯಂತಾಗಿತ್ತು. ಕಲ್ಲಿನಿಂದ ಉಜ್ಜಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ. ಎಡಗಾಲಿನ ಹೆಬ್ಬೆರಳ ಉಗುರು ಎಷ್ಟೋ ವರ್ಷದಿಂದ ಕಪ್ಪಾಗಿದೆ, ಅದಕ್ಕೆ ಏನೂ ಮಾಡಲಾಗಲಿಲ್ಲ. "ತೊಳಿಯೋ ಕಾಲನ್ನ ತೊಳ್ಕೊಂಡ್ ಹೋಗ್ತಿದೀರಲ್ರೀ" ಎಂದು ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಬಲಗಾಲು ತೋರಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಮೊದಲೆಲ್ಲ ಗಂಡಸರೇ 12 ಜನ ಕೂರುತ್ತಿದ್ದರು. 2016ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದ ಮೇಲೆ ಹೆಂಗಸರೂ ಕೂರಬಹುದು. ನನ್ನ ಪಕ್ಕದ ಕುರ್ಚಿಯಲ್ಲಿ ಹೂವಿನಜ್ಜಿ ಕೂತಿದ್ದಳು. ಬೆಳಿಗ್ಗೆ ವ್ಯಾಪಾರ ಮುಗಿಸಿ ಹಾಗೇ ಬಂದಂತಿತ್ತು. ಹಿಮ್ಮಡಿಯಲ್ಲಿ ಮಣ್ಣು, ಬೆರಳ ಸಂದಿಯಲ್ಲಿ ಹಸಿರು ಕಲೆ. ಫಾದರ್ ಮೊಣಕಾಲೂರಿ ಒಬ್ಬೊಬ್ಬರದೇ ತೊಳೆಯುತ್ತಾ ಬಂದರು. ಅಜ್ಜಿ ಯಾವ ಮುಜುಗರವೂ ಇಲ್ಲದೆ ಕಾಲು ಮುಂದೆ ಚಾಚಿದಳು. ನೀರು ಬಿದ್ದಾಗ ಬಗ್ಗಿ, "ನೆಲ ಜಾರ್ತದೆ ಸ್ವಾಮಿ, ಮಂಡಿ ಹುಷಾರು" ಎಂದಳು. ಅವಳು ಕಾಲು ತೊಳೆಸಿಕೊಂಡಷ್ಟು ಹೊತ್ತೂ ನೋಡುತ್ತಿದ್ದದ್ದು ಅವರ ಮಂಡಿಯನ್ನು.

ನನ್ನ ಸರದಿ ಬಂತು. ಬಲಗಾಲು ಮುಂದಿಟ್ಟೆ. ಬಟ್ಟಲು ಎಡಗಡೆಗೆ ಇತ್ತು. ಫಾದರ್ ನನ್ನ ಎಡಗಾಲನ್ನೇ ಹಿಡಿದುಕೊಂಡರು. ಕಪ್ಪು ಉಗುರಿನ ಮೇಲೆ ನೀರು ಸುರಿದರು, ಒರೆಸಿದರು, ಬಗ್ಗಿ ಮುತ್ತಿಟ್ಟರು. ಜನವರಿಯಿಂದ ಈ ಮನುಷ್ಯನ ಮೇಲೆ ನಾನು ಮನಸ್ಸಿನಲ್ಲಿ ಎಷ್ಟು ಕೇಸು ನಡೆಸಿದ್ದೆ! ಅವರು ನನ್ನ ಮಾತನ್ನು ಮುಗ್ಧವಾಗಿ ನಂಬಿದರೋ, ಎಲ್ಲ ತಿಳಿದೇ ಮಾಡಿದರೋ ಇವತ್ತಿಗೂ ಗೊತ್ತಿಲ್ಲ. ಕೇಳಿಲ್ಲ. ನನಗೆ ಆಗ ಹೇಳಲು ಏನೂ ತೋಚಲಿಲ್ಲ. ಅವರು ತಲೆಯೆತ್ತಿದಾಗ ನೆತ್ತಿಯಲ್ಲಿ ಕೂದಲು ತೆಳುವಾಗಿರುವುದು ಕಂಡಿತು, ಇಷ್ಟು ಚಿಕ್ಕ ವಯಸ್ಸಿಗೆ.

ಅವತ್ತಿನ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಆದಾಗಿನಿಂದ ಗಂಟೆಗಳು ಮೌನವಾಗಿದ್ದವು. ಮರುದಿನ ಶುಭ ಶುಕ್ರವಾರ, ಕೀಬೋರ್ಡೂ ಇಲ್ಲ. ಹುಡುಗಿ ಬರೀ ಬಾಯಲ್ಲಿ ಆ ಹಳೆಯ ರಾಗ ಎತ್ತಿದಳು, ಕೆಳಗಿನ ಸ್ಕೇಲಿನಲ್ಲಿ. ಏಳನೇ ಸ್ಥಳದ ಹೊತ್ತಿಗೆ ಇಡೀ ಚರ್ಚು ಹಾಡುತ್ತಿತ್ತು. ನನ್ನ ಗುರುಗಳು ಇದ್ದಿದ್ದರೆ ಅವರಿಗೂ ಆ ಸ್ಕೇಲು ಇಷ್ಟವಾಗುತ್ತಿರಲಿಲ್ಲ ಎಂದು ನನಗೆ ಅನಿಸಿತು. ಅದೂ ಇರಲಿ.

ಪುಸ್ತಕದಲ್ಲಿ ಕೊನೆಯ ವಾರ 6 ಗೆರೆ ಇದ್ದವು. ಸೊನ್ನೆಯಾಗಲಿಲ್ಲ. ಆ ಸ್ವಾಮಿಗಳಿಗೆ ತೋರಿಸಲು ಹೋದೆ, ಗುರುವಂದನೆಯ ಕಥೆಯನ್ನೂ ಹೇಳಿದೆ. ಅವರು ಆರಕ್ಕೂ ಮೂವತ್ತೊಂದಕ್ಕೂ ಗಮನ ಕೊಡಲಿಲ್ಲ, "ಗುರುವಂದನೇಲಿ ಸಿಕ್ಕಿದ ಹುಡುಗನ್ನ ಮತ್ತೆ ನೋಡಿದ್ಯಾ?" ಎಂದು ಕೇಳಿದರು. ಇಲ್ಲ ಎಂದೆ. ಫೋನ್ ನಂಬರ್ ಹುಡುಕಿ ಅವತ್ತೇ ಸಂಜೆ ಮಾತಾಡಿದೆ. ಆ ಮಾತು ಇಲ್ಲಿ ಬೇಡ.

ಈಸ್ಟರ್ ಆದ ಎರಡು ವಾರಕ್ಕೆ ಕೀಬೋರ್ಡ್ ನುಡಿಸುವ ಹುಡುಗನಿಗೆ ಡಿಗ್ರಿ ಪರೀಕ್ಷೆ. ಶನಿವಾರ ರಾತ್ರಿ ಹುಡುಗಿ ಫೋನ್ ಮಾಡಿದಳು. "ಅಂಕಲ್, ನಾಳೆ ನುಡಿಸ್ತೀರಾ?" ನುಡಿಸುತ್ತೇನೆ ಎಂದೆ. ಆ ಸ್ಕೇಲಿನಲ್ಲಿ ನನ್ನ ಧ್ವನಿ ಕೂರುವುದಿಲ್ಲ. ಹಾಡಲು ಹೋದರೆ ಗೊಗ್ಗರಾಗುತ್ತದೆ. ಬಾಯಿ ಮುಚ್ಚಿಕೊಂಡು ನುಡಿಸಿದೆ. ಕಾಣಿಕೆ ಹಾಡಿಗೆ ಅವಳು ಮತ್ತೆ ಅವಸರ ಮಾಡಿದಳು, ನಾನು ಎಡಗೈಯಲ್ಲಿ ತಾಳ ಹಿಡಿದು ಸ್ವಲ್ಪ ಎಳೆದೆ, ಅವಳು ತಿರುಗಿ ನೋಡಿ ನಿಧಾನ ಮಾಡಿದಳು. ಹಿಂದಿನಿಂದ ಹೂವಿನಜ್ಜಿಯ ಅಪಸ್ವರ ಚೆನ್ನಾಗಿ ಕೇಳಿಸುತ್ತಿತ್ತು.

ಮುಂದಿನ ಭಾನುವಾರ ಹುಡುಗನ ಪರೀಕ್ಷೆ ಮುಗಿದಿತ್ತು. ನಾನು ಹೋಗಿ ಅಜ್ಜಿಯ ಪಕ್ಕ ಕೂತೆ.